ಬಣ್ಣ ನೋಡಿ ಜೋಡಿ ಹುಡುಕೋ ಆಟ

ಆಟ ತುಂಬಾ ಸರಳ. ಇಪ್ಪತ್ನಾಲ್ಕು ರಟ್ಟಿನ ಚೌಕಗಳು. ಹನ್ನೆರಡರಲ್ಲಿ ಪ್ರಾಣಿಯ ಬರೀ ಗೆರೆಚಿತ್ರ, ಬಣ್ಣ ಇಲ್ಲ. ಇನ್ನು ಹನ್ನೆರಡರಲ್ಲಿ ಮೈಚರ್ಮದ ಒಂದು ತುಂಡು ಮಾತ್ರ: ಪಟ್ಟೆ, ಚುಕ್ಕೆ, ಮಚ್ಚೆ, ಬಲೆ. ಎಲ್ಲವನ್ನೂ ಬೋರಲು ಹಾಕಿ, ಒಂದು ಸಲಕ್ಕೆ ಎರಡು ತಿರುಗಿಸಬೇಕು. ಪ್ರಾಣಿಗೂ ಚರ್ಮಕ್ಕೂ ತಾಳೆಯಾದ್ರೆ ಜೋಡಿ ನಿಮ್ಮದು. ಆಗದಿದ್ರೆ ಮತ್ತೆ ಬೋರಲು. ಐದು ವರ್ಷದ ಮಕ್ಕಳು ಈ ಆಟದಲ್ಲಿ ದೊಡ್ಡವರನ್ನ ಸೋಲಿಸೋದು ಏನೂ ವಿಶೇಷ ಅಲ್ಲ. ನಮ್ಮ ತಲೆಯಲ್ಲಿ ಇಎಂಐ, ಅಪ್ರೈಸಲ್ಲು, ಗ್ಯಾಸ್ ಬುಕಿಂಗು ಇರುತ್ತೆ. ಅವರ ತಲೆಯಲ್ಲಿ ಜಿರಾಫೆ ಎಲ್ಲಿ ಬಿದ್ದಿದೆ ಅನ್ನೋದು ಮಾತ್ರ.

ಮಗಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದ ಡಬ್ಬಿಯಲ್ಲಿ ಜೀಬ್ರಾ, ಜಿರಾಫೆ, ಪಾಂಡಾ, ಚೀತಾ, ಹುಲಿ, ಡಾಲ್ಮೇಷನ್ ನಾಯಿ ಎಲ್ಲ ಇದ್ದವು. ಅದರಲ್ಲಿ ನಮ್ಮ ಕಡೆ ಓಡಾಡೋದು ಒಂದೇ ಒಂದು: ಕಪ್ಪು-ಬಿಳಿ ತೇಪೆಯ ಸೀಮೆಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕೋ ಊರಿನವರಿಗೆಲ್ಲ ಅದರ ಪರಿಚಯ ಇದೆ. ಮಿಕ್ಕಿದ್ದೆಲ್ಲ ಮಗಳ ಪಾಲಿಗೆ ಟಿವಿಯ ನೆಂಟರು.

ಈ ಡಬ್ಬಿ ಇಟ್ಟುಕೊಂಡು ಒಂದು ದಸರಾ ರಜೆಗೆ ಊರಿಗೆ ಹೋದ್ವಿ. ಊರು ಅಂದ್ರೆ ನಮಗೆ ಒಂದಲ್ಲ. ನನ್ನ ತವರು ಮಧುಗಿರಿ. ಕೊಟ್ಟಿದ್ದು ಸಿರಾ ತಾಲ್ಲೂಕಿನ ಹಳ್ಳಿಗೆ. ಅಕ್ಕನ ಮನೆ ಕೊರಟಗೆರೆ ಕಡೆ, ಚಿಕ್ಕಮ್ಮ ಇರೋದು ಪಾವಗಡದಲ್ಲಿ. ಹತ್ತು ದಿನದ ರಜೆಯಲ್ಲಿ ನಾಲ್ಕು ತಾಲ್ಲೂಕಿನ ಪ್ರವಾಸ ನಮಗೆ ಮಾಮೂಲು. ಹೋಗದಿದ್ದ ಮನೆಯವರು ಮುಂದಿನ ಮದುವೆಯಲ್ಲಿ ಮಾತಾಡಿಸಲ್ಲ.

ಆ ಸಲ ಮಗಳು ಕೇಳಿದಳು: "ಅಮ್ಮಾ, ಈ ಊರಿನ ಪ್ರಾಣಿಗಳದ್ದು ಕಾರ್ಡ್ ಯಾಕಿಲ್ಲ?" ಕೇಳಿದ್ದು ಸರಿಯಾಗೇ ಇತ್ತು. ಮಾಡೋಣ ಅಂತ ಕೂತೆವು.

ಹನ್ನೆರಡು ಜೋಡಿ

ಮೊದಲ ಕಾರ್ಡು ಮಧುಗಿರಿಯ ಪಾಲು. ಏಕಶಿಲಾ ಬೆಟ್ಟದ ಫೋಟೋ ಎಲ್ಲರ ಸ್ಟೇಟಸ್‌ನಲ್ಲೂ ಬಂದಿರುತ್ತೆ, ಆದ್ರೆ ಅದೇ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳನ್ನ ನೋಡಿರೋರು ಕಮ್ಮಿ. ಆಂಧ್ರದ ಗಡಿ ಹತ್ತಿರ, 798 ಎಕರೆಯ ಹುಲ್ಲುಗಾವಲು. 2007ರಲ್ಲಿ ಅದನ್ನ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ರು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಹೋಗುವ ಜಯಮಂಗಲಿ ಹೊಳೆಯ ಹೆಸರೇ ಅದಕ್ಕೆ.

ಕೃಷ್ಣಮೃಗದ್ದೇ ಎರಡು ಜೋಡಿ ಮಾಡಬೇಕಾಯ್ತು. ಬಲಿತ ಗಂಡಿಗೆ ಬೆನ್ನು ಕಡುಗಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಬಳೆ. ಹೆಣ್ಣಿಗೆ ಒಣಹುಲ್ಲಿನ ಬಣ್ಣ. ಗಂಡುಮರಿ ಕೂಡ ಹುಟ್ಟುವಾಗ ಅಮ್ಮನ ಬಣ್ಣದಲ್ಲೇ ಇರುತ್ತೆ, ಬೆಳೀತಾ ಬೆಳೀತಾ ಕಪ್ಪಾಗುತ್ತೆ. "ಅಂದ್ರೆ ಒಂದೇ ಪ್ರಾಣಿಗೆ ಎರಡು ಡ್ರೆಸ್ಸಾ?" ಅಂದಳು. ಹೌದು ಅಂದೆ.

ಸಿರಾದ ಪಾಲಿಗೆ ಚಿಂಕಾರ. ಬುಕ್ಕಾಪಟ್ಟಣದ ಕುರುಚಲು ಕಾಡಲ್ಲಿ ಇರೋ ಪುಟ್ಟ ಹುಲ್ಲೆ. 2019ರಲ್ಲಿ ಆ ಕಾಡು ಚಿಂಕಾರ ವನ್ಯಧಾಮ ಆಯ್ತು. 2016ರಲ್ಲಿ ಘೋಷಣೆಯಾದ ಬಾಗಲಕೋಟೆಯ ಯಡಹಳ್ಳಿ ಬಿಟ್ರೆ ರಾಜ್ಯದಲ್ಲಿ ಚಿಂಕಾರಕ್ಕೆ ಅಂತಲೇ ಇರೋ ಇನ್ನೊಂದು ಜಾಗ ಇದು. ಅದರ ಮೈಮೇಲೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಮೇಲೆ ಮಣ್ಣಿನ ಬಣ್ಣ, ಕೆಳಗೆ ಬಿಳಿ, ಅಷ್ಟೆ. ಇದು ಎಂಥಾ ಕಾರ್ಡು ಅಂತ ಮಗಳು ಮೂಗು ಮುರಿದಳು.

ಅಸಲಿಗೆ ಆ ಕಾರ್ಡಲ್ಲೇ ಒಂದು ಜಾದೂ ಇದೆ. ಬಿಸಿಲು ಮೇಲಿಂದ ಬೀಳೋದ್ರಿಂದ ಯಾವ ಪ್ರಾಣಿಯ ಬೆನ್ನೂ ಬೆಳ್ಳಗೆ ಹೊಳೆಯುತ್ತೆ, ಹೊಟ್ಟೆ ನೆರಳಲ್ಲಿ ಕಪ್ಪಗೆ ಕಾಣುತ್ತೆ. ಆ ಬೆಳಕು-ನೆರಳಿಂದಲೇ ನಮ್ಮ ಕಣ್ಣಿಗೆ "ಅಲ್ಲೊಂದು ಉಬ್ಬಿದ ಮೈ ಇದೆ" ಅಂತ ಗೊತ್ತಾಗೋದು. ಬೆನ್ನು ಗಾಢ, ಹೊಟ್ಟೆ ಬಿಳಿ ಇದ್ದುಬಿಟ್ರೆ ಎರಡೂ ಒಂದನ್ನೊಂದು ಅಳಿಸಿ, ಪ್ರಾಣಿ ಚಪ್ಪಟೆಯಾಗಿ ಬಯಲಲ್ಲೇ ಕರಗಿಬಿಡುತ್ತೆ. ಇದನ್ನ 1896ರಲ್ಲಿ ವಿವರಿಸಿ ಬರೆದವನು ಅಬಟ್ ಥೇಯರ್ ಅನ್ನೋ ಅಮೆರಿಕದ ಚಿತ್ರಕಾರ. ದಿನಾ ನೆರಳು ಬರೆಯೋ ಕೈಗೆ ಇಂಥದ್ದು ಬೇಗ ಕಾಣುತ್ತೆ.

ಕೊರಟಗೆರೆ ಕಡೆಯಿಂದ ಕರಡಿ ಬಂತು. ಮಧುಗಿರಿ-ಕೊರಟಗೆರೆ ಮಧ್ಯದ ತಿಮ್ಮಲಾಪುರದ ಕಾಡು ಕರಡಿಗಳಿಗೆ ಹೆಸರುವಾಸಿ. ಮೈಯೆಲ್ಲ ಕಪ್ಪು ಜಡೆಕೂದಲು, ಎದೆ ಮೇಲೆ ಮಾತ್ರ ಬಿಳಿ ಕಂಠಿಸರದ ಥರ ಒಂದು ಗುರುತು. ಪುನುಗಿನ ಬೆಕ್ಕು, ಕಪ್ಪು-ಬಿಳಿ ಮುಳ್ಳಿನ ಮುಳ್ಳುಹಂದಿ, ಅಕ್ಕನ ಪಕ್ಕದ ಮನೆಯ ಬೂದುಬಣ್ಣದ ಹಳ್ಳಿಕಾರ್ ಹಸು, ನಮ್ಮ ಸೀಮೆಹಸು, ನಮ್ಮ ಮಾವನವರ ಕುರಿ, ಎಲ್ಲ ಸೇರಿಕೊಂಡವು.

ಪಾವಗಡದ ಚಿಕ್ಕಮ್ಮನನ್ನ ಫೋನಲ್ಲಿ ಕೇಳಿದ್ರೆ, "ಇಲ್ಲೇನೈತೆ ಮಗಾ, ಸೋಲಾರ್ ಪ್ಲೇಟು ಬಿಟ್ರೆ" ಅಂತ ನಕ್ಕಳು. ತಿರುಮಣಿ ಸುತ್ತ ಐದು ಊರುಗಳ 13,000 ಎಕರೆಯಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅದನ್ನ ಹೇಳಿದ್ದು. ಆಮೇಲೆ ಅವಳೇ ಗಂಭೀರವಾಗಿ ಹೇಳಿದಳು: "ಹಾವು ಹಾಕ್ರೇ. ಕಳ್ಳೆಕಾಯಿ ಕೀಳೋ ಕಾಲ. ಹುಡುಗ್ರಿಗೆ ಮೊದ್ಲು ಅದು ಗೊತ್ತಾಗ್ಲಿ."

ಹಾಗಾಗಿ ಎರಡು ಹಾವು. ಕೊಳಕುಮಂಡಲಕ್ಕೆ ಬೆನ್ನುದ್ದಕ್ಕೂ ಸರಪಳಿ ಥರ ಮೂರು ಸಾಲು ಅಂಡಾಕಾರದ ಮಚ್ಚೆ. ಕಟ್ಟುಹಾವಿಗೆ ಕಪ್ಪು ಮೈಮೇಲೆ ಸಣ್ಣ ಬಿಳಿ ಪಟ್ಟಿ. ವಿಷವಿಲ್ಲದ ತೋಳದ ಹಾವಿಗೂ ಅಂಥದ್ದೇ ಪಟ್ಟಿ ಇರುತ್ತೆ. ವ್ಯತ್ಯಾಸ ಏನಂದ್ರೆ ತೋಳದ ಹಾವಿನ ಪಟ್ಟಿ ತಲೆ ಕಡೆ ಎದ್ದು ಕಾಣುತ್ತೆ, ಬಾಲದ ಕಡೆ ಮಾಸುತ್ತೆ. ಕಟ್ಟುಹಾವಿನದು ಸಾಮಾನ್ಯವಾಗಿ ತಿರುಗಾಮುರುಗಾ. ಇದನ್ನ ನಾನು ಮಗಳಿಗೆ ಹೇಳಿಕೊಡಲಿಲ್ಲ. ಐದು ವರ್ಷದ ಮಗು ಹಾವಿನ ಹತ್ತಿರ ಹೋಗಿ ಪಟ್ಟಿ ಎಣಿಸೋದು ಬೇಡ. ಆ ಎರಡು ಕಾರ್ಡಿಗೆ ಬೇರೆ ನಿಯಮ ಮಾಡಿದ್ವಿ: ಹಾವಿನ ಕಾರ್ಡ್ ತಿರುಗಿದ್ರೆ ಮುಟ್ಟಬಾರದು, ಎರಡು ಹೆಜ್ಜೆ ಹಿಂದೆ ಹೋಗಿ ದೊಡ್ಡವರನ್ನ ಕೂಗಬೇಕು. ಕೂಗಿದವರಿಗೇ ಪಾಯಿಂಟು. ಈ ನಿಯಮ ನಮ್ಮ ಮನೆಯ ಎಲ್ಲ ಮಕ್ಕಳಿಗೂ ಭಾರಿ ಇಷ್ಟವಾಯ್ತು, ಕೂಗೋಕೆ ಅನುಮತಿ ಸಿಕ್ತಲ್ಲ.

ಹನ್ನೆರಡನೇದು ಚಿರತೆ. ಇದಕ್ಕೆ ದೊಡ್ಡ ಜಗಳವೇ ಆಯ್ತು. ನಾದಿನಿಯ ಮಗ ಮೂರನೇ ಕ್ಲಾಸು, "ಅದು ಚೀತಾ" ಅಂತ ಹಠ. ಚೀತಾದ ಮೈಮೇಲೆ ಕಪ್ಪು ಬೊಟ್ಟು ಇಟ್ಟ ಹಾಗೆ ತುಂಬಿದ ಚುಕ್ಕೆಗಳು, ಕಣ್ಣಿಂದ ಬಾಯಿಗೆ ಕಣ್ಣೀರು ಇಳಿದಂಥ ಗೆರೆ. ಚಿರತೆಗೆ ಚುಕ್ಕೆಗಳು ಹೂವಿನ ಥರ ಗುಂಪಾಗಿ, ನಡುವೆ ಖಾಲಿ. ಚೀತಾಕ್ಕೆ ಹಳೇ ಕನ್ನಡದವರು ಸಿವಂಗಿ ಅಂತಿದ್ರು. 1952ರಲ್ಲಿ ದೇಶದಲ್ಲಿ ಅದು ಅಳಿದೇ ಹೋಯ್ತು ಅಂತ ಘೋಷಿಸಿದ್ರು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಿದ್ದು ನಿಮಗೆ ನೆನಪಿರಬಹುದು. ನಮ್ಮ ಬೆಟ್ಟಗಳಲ್ಲಿ, ರಾಗಿ ಹೊಲದ ಬದಿಯಲ್ಲಿ ಇರೋದು ಚಿರತೆ. ತುಮಕೂರು ಜಿಲ್ಲೆಯವರಿಗೆ ಇದು ಬರೀ ಕಾರ್ಡಲ್ಲ. 2019ರ ಕೊನೆ, 2020ರ ಶುರುವಿನಲ್ಲಿ ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದು, ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡಿದ್ದು ಯಾರೂ ಮರೆತಿಲ್ಲ.

ಬಾಲದ ಗುಟ್ಟು

ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಹಳೇ ಲಗ್ನಪತ್ರಿಕೆಗಳ ರಟ್ಟಿಗೆ ಅಂಟಿಸ್ತಾ ಕೂತಾಗ ಮಕ್ಕಳ ಪ್ರಶ್ನೆ ಶುರು. ಯಾಕೆ ಒಂದಕ್ಕೆ ಪಟ್ಟೆ, ಒಂದಕ್ಕೆ ಚುಕ್ಕೆ?

ಇದೇ ಪ್ರಶ್ನೆಗೆ 1952ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಉತ್ತರದ ದಾರಿ ತೋರಿಸಿದ. ಕಂಪ್ಯೂಟರಿನ ಟ್ಯೂರಿಂಗ್ ಅವನೇ. ಅವನು ಹೇಳಿದ್ದನ್ನ ಅಡುಗೆಮನೆ ಭಾಷೆಯಲ್ಲಿ ಹೇಳೋದಾದ್ರೆ ಹೀಗೆ: ಎರಡು ರಾಸಾಯನಿಕಗಳು ಒಟ್ಟಿಗೆ ಹರಡ್ತಾ ಇವೆ. ಒಂದು "ಬಣ್ಣ ಬರಲಿ" ಅನ್ನುತ್ತೆ, ಇನ್ನೊಂದು "ಬೇಡ" ಅನ್ನುತ್ತೆ. ಬೇಡ ಅನ್ನೋದು ಜೋರಾಗಿ ದೂರಕ್ಕೆ ಹರಡಿದ್ರೆ, ಬಣ್ಣ ಎಲ್ಲ ಕಡೆ ಬರದೆ ಅಲ್ಲಲ್ಲಿ ಮಾತ್ರ ಗುಂಪಾಗಿ ಉಳಿಯುತ್ತೆ. ಚುಕ್ಕೆಯೂ ಅದೇ, ಪಟ್ಟೆಯೂ ಅದೇ.

ಇದೇ ದಾರಿಯಲ್ಲಿ ಮುಂದೆ ಹೋದವರು ಜೇಮ್ಸ್ ಮರ್ರೆ. 1988ರಲ್ಲಿ ಅವರು ಬರೆದ ಲೇಖನದ ಒಂದು ಮಾತು ನಮ್ಮ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಗಲವಾದ ಜಾಗದಲ್ಲಿ ಚುಕ್ಕೆ ಮೂಡಬಹುದು. ಬಾಲದ ಥರ ಸಣ್ಣ ಕೊಳವೆಯಲ್ಲಿ ಚುಕ್ಕೆಗೆ ಜಾಗ ಸಾಲದೆ ಉಂಗುರ ಆಗಿಬಿಡುತ್ತೆ. ಹಾಗಾಗಿ ಚುಕ್ಕೆ ಮೈಗೆ ಪಟ್ಟೆ ಬಾಲ ಇರಬಹುದು. ಪಟ್ಟೆ ಮೈಗೆ ಚುಕ್ಕೆ ಬಾಲ ಇರೋಕಾಗಲ್ಲ. ಪುನುಗಿನ ಬೆಕ್ಕಿನ ಮೈಯಲ್ಲಿ ಸಾಲು ಸಾಲು ಚುಕ್ಕೆ, ಬಾಲದಲ್ಲಿ ಉಂಗುರ. ಚಿರತೆಯ ಬಾಲದ ತುದಿಗೂ ಪಟ್ಟಿ. ಮಕ್ಕಳು ತಕ್ಷಣ ಎದ್ದು ಓಡಿದ್ರು, ಹಟ್ಟಿಯ ಬೆಕ್ಕುಗಳ ಬಾಲ ಹಿಡಿಯೋಕೆ. ಎರಡು ಪರಚು ಗಾಯ, ಒಂದು ಡೆಟಾಲು. ನಿಯಮ ಮಾತ್ರ ಉಳೀತು.

ಇನ್ನೊಂದು ಸಂಗತಿಯನ್ನೂ ಆಟಕ್ಕೆ ಸೇರಿಸಿದ್ವಿ. ಒಂದು ಚಿರತೆಯ ಹೂ ಇನ್ನೊಂದು ಚಿರತೆಗೆ ಇರಲ್ಲ. ಅಷ್ಟೇ ಅಲ್ಲ, ಒಂದೇ ಚಿರತೆಯ ಎಡಮೈ, ಬಲಮೈ ಕೂಡ ಬೇರೆ ಬೇರೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಗಳನ್ನ ಎಣಿಸಿದ್ದು ಹೀಗೇ, ಕ್ಯಾಮೆರಾ ಕಟ್ಟಿ ಪಟ್ಟೆ ತಾಳೆ ನೋಡಿ. ನಮ್ಮ ಜಿಲ್ಲೆಯವರೇ ಆದ ಸಂಜಯ್ ಗುಬ್ಬಿ ಮತ್ತವರ ತಂಡ ಚಿರತೆಗಳನ್ನ ಗುರುತಿಸೋದೂ ಮೈಮೇಲಿನ ಹೂ ನೋಡೇ. ದಾರಿಯ ಎರಡೂ ಬದಿ ಕ್ಯಾಮೆರಾ ಇಡೋದು ಅದಕ್ಕೇ, ಎರಡೂ ಮೈಯ ಫೋಟೋ ಬೇಕು. ಅಂದ್ರೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಕೂತು ಆಡೋದು ನಮ್ಮ ಮಗಳ ಆಟವನ್ನೇ.

"ಅಪ್ಪ-ನಾನು ಜೋಡಿ. ಅಮ್ಮ ಔಟ್"

ಇಲ್ಲಿವರೆಗೂ ಎಲ್ಲ ಚೆನ್ನಾಗಿತ್ತು.

ನಮ್ಮ ತವರಿನ ಕಡೆಯ ಒಂದು ಗೃಹಪ್ರವೇಶ. ಊಟದ ಹೊತ್ತಲ್ಲಿ ಸಂಬಂಧದಲ್ಲಿ ದೊಡ್ಡಮ್ಮ ಆಗಬೇಕಾದವರು ಮಗಳ ಗಲ್ಲ ಹಿಡಿದು ಹೇಳಿದರು: "ಅಮ್ಮನ ಬಣ್ಣ ಬರ್ಲೇ ಇಲ್ವಲ್ಲೇ ಇದಕ್ಕೆ. ಮೂಗು-ಕಣ್ಣು ಲಕ್ಷಣವಾಗಿದೆ, ಬಣ್ಣ ಒಂದು... ಕಡ್ಲೆಹಿಟ್ಟು ಹಚ್ತೀಯ ತಾನೆ?"

ಈ ಮಾತು ನನಗೆ ಹೊಸದಲ್ಲ. ಮಗಳು ಹುಟ್ಟಿದ ಮೂರನೇ ದಿನ ಆಸ್ಪತ್ರೆಯ ಮಂಚದ ಹತ್ತಿರವೇ ಮೊದಲ ಸಲ ಕೇಳಿದ್ದೆ. ಯಾರ ಥರ ಇದೆ ಮಗು, ಅನ್ನೋ ಆಟ ಅಲ್ಲಿಂದಲೇ ಶುರು. ಮೂಗು ಅಜ್ಜಿದು, ಕಿವಿ ತಾತಂದು, ಕೂದಲು ಅತ್ತೆದು. ಎಲ್ಲರೂ ಒಂದೊಂದು ಕಾರ್ಡ್ ತಿರುಗಿಸಿ ನೋಡೋರೇ. ಅದರಲ್ಲಿ ಖುಷಿಯೂ ಇದೆ, ಅದನ್ನ ಯಾರೂ ಬೇಡ ಅನ್ನಲ್ಲ. ಬಣ್ಣದ ಕಾರ್ಡ್ ತಿರುಗಿದಾಗ ಮಾತ್ರ ಧ್ವನಿ ಇಳಿಯುತ್ತೆ, ಏನೋ ಕಳೆದುಹೋದ ಹಾಗೆ. ನಾನು ಬೆಳ್ಳಗೆ, ನಮ್ಮನೆಯವರು ಕಪ್ಪು. ಮಗಳು ಅಪ್ಪನ ಹಾಗೆ. ಗಂಡುಮಗು ಆಗಿದ್ರೆ "ಕೃಷ್ಣನ ಬಣ್ಣ" ಅಂತಿದ್ರೇನೋ. ಹೆಣ್ಣಾದ್ದರಿಂದ ಕಡ್ಲೆಹಿಟ್ಟು.

ಆ ರಾತ್ರಿ ಮಗಳು ಕಾರ್ಡ್ ಹರಡಿಕೊಂಡು ಕೂತಿದ್ದಳು. ನನ್ನ ಪರ್ಸಿನಿಂದ ನಮ್ಮ ಮೂವರ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಕಾರ್ಡುಗಳ ಜೊತೆ ಬೋರಲು ಹಾಕಿದಳು. ತಿರುಗಿಸಿದಳು. ತನ್ನ ಫೋಟೋ, ಅಪ್ಪನ ಫೋಟೋ ಪಕ್ಕಪಕ್ಕ ಇಟ್ಟಳು. "ಅಪ್ಪ-ನಾನು ಜೋಡಿ. ಅಮ್ಮ ಔಟ್" ಅಂದಳು.

ಅಳಲಿಲ್ಲ, ಬೇಜಾರೂ ಮಾಡಿಕೊಂಡಿರಲಿಲ್ಲ. ಆಟದ ನಿಯಮ ಹೇಳಿದ ಹಾಗೆ ಹೇಳಿದಳು. ಅದೇ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯ್ತು. ಬಣ್ಣ ನೋಡಿ ಜೋಡಿ ಮಾಡು ಅಂತ ಕಲಿಸಿದ ಆಟ ಅದು, ಅವಳು ಸರಿಯಾಗೇ ಆಡಿದ್ದಳು. "ಹಂಗಲ್ಲ ಕಂದಾ, ಬಣ್ಣ ಮುಖ್ಯ ಅಲ್ಲ" ಅನ್ನೋ ಮಾತು ಬಾಯಿಗೆ ಬಂತು, ಆದ್ರೆ ಐದು ವರ್ಷದವಳಿಗೆ ಅದು ಟೀಚರ್ ಮಾತು. ಸುಮ್ಮನೆ ಲೈಟ್ ಆರಿಸಿ ಮಲಗಿಸಿದೆ. ನನಗೆ ನಿದ್ದೆ ಬರಲಿಲ್ಲ.

ರೊಪ್ಪದ ಸಂಜೆ

ಎರಡು ದಿನ ಬಿಟ್ಟು ಸಿರಾ ಕಡೆ ಹೊರಟ್ವಿ. ಮಾವನವರ ಹತ್ತಿರ ಆಗ ಇಪ್ಪತ್ತಕ್ಕೆ ಒಂದೆರಡು ಹೆಚ್ಚು ಕುರಿ. ಹಿಂದೆ ನೂರು ದಾಟಿತ್ತಂತೆ. ಹಗಲೆಲ್ಲ ತಾಯಿಕುರಿಗಳು ಮೇಯೋಕೆ ಹೋಗ್ತವೆ, ಎಳೇ ಮರಿಗಳು ರೊಪ್ಪದಲ್ಲೇ ಮಂಕರಿ ಕೆಳಗೆ. ಸಂಜೆ ಮಂದೆ ವಾಪಸ್ ಬರೋ ಹೊತ್ತಿಗೆ ಎರಡೂ ಕಡೆಯಿಂದ ಗಲಾಟೆ. ತಾಯಿಗಳು ಕೂಗ್ತವೆ, ಮರಿಗಳು ಕೂಗ್ತವೆ, ಧೂಳು ಎದ್ದಿರುತ್ತೆ. ಮಾವನವರು ಮಂಕರಿ ಎತ್ತಿ ಒಂದೊಂದೇ ಮರಿಯನ್ನ ಅದರ ತಾಯಿ ಕಡೆ ಬಿಡ್ತಾರೆ.

ಮಗಳಿಗೆ ಇದು ಜೀವಂತ ಕಾರ್ಡ್ ಗೇಮು. ಕಲ್ಲುಗೋಡೆ ಮೇಲೆ ಕೂತು ಜೋಡಿ ಹೇಳೋಕೆ ಶುರು ಮಾಡಿದಳು. ಕರಿಮರಿಗೆ ಕರಿಕುರಿ. ಬಿಳಿಮರಿಗೆ ಬಿಳಿಕುರಿ. ಹಂಡಬಂಡ ಮರಿಗೆ ಮಚ್ಚೆಕುರಿ.

ಮಾವನವರು ಒಂದು ಕಡುಗಪ್ಪು ಮರಿ ಬಿಟ್ಟರು. ಅದು ಕರಿಕುರಿಯ ಮುಂದೇನೇ ಹಾದು, ಮುಖ ಮಾತ್ರ ಕೆಂಚಗಿದ್ದ ಬಿಳಿ ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು.

"ತಾತಾ! ರಾಂಗ್ ಮ್ಯಾಚ್!"

"ಏನ್ ರಾಂಗು?"

"ಅದು ಬ್ಲ್ಯಾಕು. ಅದರಮ್ಮ ಅಲ್ಲ ಅದು. ಅದರಮ್ಮ ಆಕಡೆ ಐತೆ."

"ಅದ್ರವ್ವ ಇದೇ ಕೂಸೇ. ನಾನೇ ಈಯಿಸಿದ್ದು."

"ಕಲರ್ ಬೇರೆ ಐತಲ್ಲ?"

ಮಾವನವರಿಗೆ ಪ್ರಶ್ನೆ ಅರ್ಥ ಆಗಲಿಲ್ಲ ಅನ್ನಿಸುತ್ತೆ. ಬಣ್ಣ ಬೇರೆ ಇದ್ರೆ ಏನೀಗ ಅನ್ನೋ ಮುಖ. ಆ ಮರಿಯನ್ನ ಎಳೆದು ಕರಿಕುರಿಯ ಹತ್ತಿರ ಬಿಟ್ಟು, "ನೋಡೀಗ" ಅಂದ್ರು. ಕರಿಕುರಿ ಮರಿಯ ಬಾಲದ ಹತ್ತಿರ ಮೂಸಿ, ತಲೆಯಿಂದ ಗುದ್ದಿ ಆಚೆ ತಳ್ಳಿತು. ಮರಿ ಒಂದು ಪಲ್ಟಿ ಹೊಡೆದು ಎದ್ದು ಮತ್ತೆ ಬಿಳಿ ಕುರಿಯ ಹತ್ತಿರ ಓಡಿತು. ಬಿಳಿ ಕುರಿ ಮೂಸಿತು, ಸುಮ್ಮನೆ ನಿಂತುಕೊಂಡಿತು. ಮರಿಯ ಬಾಲ ಅಲ್ಲಾಡಿದ್ದೇ ಅಲ್ಲಾಡಿದ್ದು.

"ಬಣ್ಣ ನೋಡಿ ತಾಯಿ ಹುಡುಕಾದು ನಾವು. ಅವಕ್ಕೆ ಮೂಗೈತೆ" ಅಂತ ಹೇಳಿ ಮುಂದಿನ ಮಂಕರಿಗೆ ಹೋದ್ರು. ಅಷ್ಟೇ ಅವರು ಹೇಳಿದ್ದು. ನನಗೆ ಮೊನ್ನೆ ರಾತ್ರಿ ಏನಾಯ್ತು ಅಂತ ಅವರಿಗೆ ಗೊತ್ತೂ ಇರಲಿಲ್ಲ.

ಮಗಳು ಅವತ್ತು ಕತ್ತಲಾಗೋವರೆಗೂ ಗೋಡೆಯಿಂದ ಇಳಿಯಲಿಲ್ಲ. ಒಂದು ಕುರಿಗೆ ಅವಳಿಮರಿ, ಒಂದು ಬಿಳಿ, ಒಂದು ಕಪ್ಪು. ಎರಡೂ ಒಟ್ಟಿಗೆ ಕುಡಿಯೋದನ್ನ ಬಾಯಿ ತೆರೆದು ನೋಡಿದಳು.

ಮಾವನವರು ಹೇಳಿದ್ದಕ್ಕೆ ಪುಸ್ತಕದ ಸಾಕ್ಷಿಯೂ ಇದೆ. ಈದ ಮೊದಲ ಕೆಲವೇ ಗಂಟೆಗಳಲ್ಲಿ ಮರಿಯನ್ನ ನೆಕ್ಕುತ್ತಾ ತಾಯಿಕುರಿ ಅದರ ವಾಸನೆ ಕಲೀತದೆ. ಆಮೇಲೆ ಬೇರೆ ಮರಿ ಬಂದ್ರೆ ಗುದ್ದಿ ಓಡಿಸುತ್ತೆ. ಬಣ್ಣದ ಲೆಕ್ಕವೇ ಬೇರೆ. ಬಿಳಿ ಬಣ್ಣದ ಜೀನು ಕಪ್ಪನ್ನ ಒಳಗೇ ಮುಚ್ಚಿಟ್ಟುಕೊಂಡಿರಬಹುದು, ಹಾಗಾಗಿ ಎರಡು ಬಿಳಿ ಕುರಿಗೂ ಕರಿಮರಿ ಹುಟ್ಟುತ್ತೆ. ಮಚ್ಚೆ ಕುರಿಯ ಕಥೆ ಇನ್ನೂ ಚೆಂದ. ಬಣ್ಣ ಮಾಡೋ ಜೀವಕೋಶಗಳು ಗರ್ಭದಲ್ಲಿ ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡಬೇಕು. ಅವು ಸಾಲದೆ ಹೋದ್ರೆ ಕೊನೆಗೆ ತಲುಪೋ ಜಾಗಗಳು ಬಿಳಿಯಾಗಿ ಉಳೀತವೆ: ಹಣೆ, ಹೊಟ್ಟೆ, ಪಾದ. ನಾವು ಹಣೆಚುಕ್ಕಿ ಅಂತ ಮುದ್ದಾಗಿ ಕರೆಯೋದು ಆ ಖಾಲಿ ಜಾಗವನ್ನೇ.

ಮನುಷ್ಯರದ್ದೂ ಅಷ್ಟೇ. ಬೆಳ್ಳಗಿನವರಲ್ಲಿ, ಕಪ್ಪಗಿನವರಲ್ಲಿ ಬಣ್ಣದ ಜೀವಕೋಶಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಅವು ಎಷ್ಟು, ಎಂಥಾ ಮೆಲನಿನ್ ಮಾಡಿ ಹಂಚ್ತವೆ ಅನ್ನೋದಷ್ಟೇ ವ್ಯತ್ಯಾಸ. ಅದನ್ನ ನಿರ್ಧರಿಸೋ ಜೀನುಗಳು ಹಲವು. ಅವುಗಳಲ್ಲಿ ಒಂದು ಜೀನು ಭಾರತದ ಜನರಲ್ಲಿ ಹೇಗೆ ಹಂಚಿಕೆಯಾಗಿದೆ ಅಂತ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ್ದಾರೆ. ಕಡ್ಲೆಹಿಟ್ಟು ಎಣ್ಣೆ ಜಿಡ್ಡು ತೆಗೆಯುತ್ತೆ. ಜೀನು ಬದಲಿಸಲ್ಲ. 2020ರಲ್ಲಿ ದೇಶದ ಒಂದು ಪ್ರಸಿದ್ಧ ಕ್ರೀಮಿನ ಹೆಸರಿನಿಂದ "ಫೇರ್" ಅನ್ನೋ ಪದ ಹೋಯ್ತು. ನಮ್ಮ ಗೃಹಪ್ರವೇಶದ ಪಂಕ್ತಿಯಿಂದ ಇನ್ನೂ ಹೋಗಿಲ್ಲ.

ಹದಿಮೂರನೇ ಸುತ್ತು

ಮಾರನೇ ದಿನ ಮಗಳು ಹೊಸ ಕಾರ್ಡ್ ಕೇಳಿದಳು. ನನ್ನ ಫೋನಲ್ಲಿ ತಾತನ ಒಂಬತ್ತು ತಾಯಿಕುರಿ, ಅವುಗಳ ಮರಿಗಳ ಫೋಟೋ ತೆಗೆದ್ವಿ. ಬಣ್ಣ ನೋಡಿ ಈ ಆಟ ಗೆಲ್ಲೋಕಾಗಲ್ಲ. ಇದರಲ್ಲಿ ಮಾವನವರು ಚಾಂಪಿಯನ್. ಕನ್ನಡಕ ಇಲ್ಲದೆ, ಕಾರ್ಡನ್ನ ಒಂದು ಮೊಳ ದೂರ ಹಿಡಿದು, "ಇದು ಕುಂಟೀದು, ಇದು ಯುಗಾದಿ ಆದ್ಮೇಲೆ ಈದಿದ್ದು" ಅಂತ ತಾಯಿ-ಮರಿ ಜೋಡಿಸಿಬಿಡೋರು. ಮಗಳು ಮೊದಲ ದಿನ ಎರಡು ಜೋಡಿ ಹೇಳಿದಳು. ನಾಲ್ಕನೇ ದಿನಕ್ಕೆ ಆರು. ಹೇಗೆ ಅಂದ್ರೆ, ದಿನಾ ಸಂಜೆ ಗೋಡೆ ಮೇಲೆ ಕೂತು ಯಾವ ಮರಿ ಯಾರ ಹತ್ತಿರ ಓಡುತ್ತೆ ಅಂತ ನೋಡಿ. ಬೇರೆ ದಾರಿಯೇ ಇಲ್ಲ.

ಜಪಾನಿನಲ್ಲಿ ಇಂಥದ್ದೇ ಒಂದು ಹಳೇ ಆಟ ಇದೆ, ಕೈ-ಅವಾಸೆ ಅಂತ. ಕಪ್ಪೆಚಿಪ್ಪಿನ ಎರಡು ಹೋಳನ್ನ ಬಿಡಿಸಿ ಹರಡ್ತಾರೆ. ನೋಡೋಕೆ ಎಷ್ಟೋ ಚಿಪ್ಪು ಒಂದೇ ಥರ ಇರಬಹುದು. ಆದ್ರೆ ಒಂದು ಹೋಳು ತನ್ನದೇ ಇನ್ನೊಂದು ಹೋಳಿಗೆ ಮಾತ್ರ ಕಚ್ಚಿಕೊಳ್ಳುತ್ತೆ. ಕೈಯಲ್ಲಿ ಹಿಡಿದು ಸೇರಿಸಿ ನೋಡಿದ್ರೇನೇ ಗೊತ್ತಾಗೋದು.

ಆ ವಾರವೇ ಎರಡು ಟಗರುಮರಿ ಸಂತೆಗೆ ಹೋದವು. ಮನೆ ನಡೀಬೇಕಲ್ಲ. ಮಗಳು ಮಧ್ಯಾಹ್ನ ಊಟ ಮಾಡಲಿಲ್ಲ. "ಕಾರ್ಡ್ ಐತಲ್ಲ ಕೂಸೇ" ಅಂದ್ರು ತಾತ. "ಕಾರ್ಡು ಹಾಲು ಕುಡಿಯಲ್ಲ" ಅಂದಳು. ಅದಕ್ಕೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸಂಜೆ ಆ ಎರಡು ತಾಯಿಕುರಿ ಕೂಗೋದನ್ನ ಕೇಳಿಕೊಂಡೇ ಎಲ್ಲರೂ ಕಾಫಿ ಕುಡಿದ್ವಿ.

ಬೆಂಗಳೂರಿಗೆ ಹೊರಡೋ ಮುಂಚೆ ಮತ್ತೆ ಮಧುಗಿರಿ. ಮತ್ತೆ ಅದೇ ದೊಡ್ಡಮ್ಮ. ಈ ಸಲ ಅವರು ಮಾತು ಶುರು ಮಾಡೋ ಹೊತ್ತಿಗೆ, ಮಗಳು ಪಕ್ಕದಲ್ಲಿರುವಾಗಲೇ, ನಾನು ಮೆಲ್ಲಗೆ ಹೇಳಿದೆ: "ದೊಡ್ಡಮ್ಮ, ಇವಳ ಬಣ್ಣದ ಮಾತು ಬೇಡ. ಅವಳಿಗೆ ಎಲ್ಲ ಅರ್ಥ ಆಗುತ್ತೆ." ಪಂಕ್ತಿ ಒಂದು ಕ್ಷಣ ಸುಮ್ಮನಾಯ್ತು. ದೊಡ್ಡಮ್ಮ ಮುಖ ಊದಿಸಿಕೊಂಡರು. "ಈಗಿನ ಹುಡುಗೀರಿಗೆ ಏನೂ ಹೇಳೋ ಹಂಗಿಲ್ಲ" ಅಂತ ಗೊಣಗಿದರು. ಹೊರಡುವಾಗ ಮಗಳ ಕೈಗೆ ಎರಡು ಹೋಳಿಗೆ ಜಾಸ್ತಿ ಇಟ್ಟರು. ಸಿಟ್ಟು ಹೋಗಿತ್ತೋ ಇಲ್ವೋ ಗೊತ್ತಿಲ್ಲ. ಬಣ್ಣದ ಮಾತು ಅಂತೂ ಅವತ್ತು ಮತ್ತೆ ಬರಲಿಲ್ಲ.

ಮಗಳು ಈಗಲೂ ಕೆಲವೊಮ್ಮೆ ತನ್ನ ಕೈಯನ್ನ ನನ್ನ ಕೈ ಪಕ್ಕ ಇಟ್ಟು ನೋಡ್ತಾಳೆ. ನಾನು ಕೈ ಹಿಂದೆ ತಗೊಳ್ಳಲ್ಲ, ಮಾತೂ ಬದಲಿಸಲ್ಲ. "ಬೇರೆ ಬೇರೆ ಐತಲ್ಲ" ಅಂತಾಳೆ. "ಹೂಂ, ಬೇರೆ" ಅಂತೀನಿ. ಒಂದು ದಿನ ನನ್ನ ಕುತ್ತಿಗೆಗೆ ಮೂಗು ಹಚ್ಚಿ ಜೋರಾಗಿ ಮೂಸಿದಳು. "ಏನೇ ಅದು?" ಅಂದೆ. "ಚೆಕ್ ಮಾಡ್ದೆ" ಅಂದಳು.

ನಿಮ್ಮನೆಯಲ್ಲೂ ಈ ಆಟ ಮಾಡಿ. ಖರ್ಚು ಒಂದು ಹತ್ತು ಕಲರ್ ಪ್ರಿಂಟು, ಒಂದು ಗೋಂದಿನ ಡಬ್ಬಿ. ಪ್ರಾಣಿಗಳನ್ನ ನಿಮ್ಮ ತಾಲ್ಲೂಕಿನಿಂದಲೇ ಆರಿಸಿ. ಏನಿದೆ ಅಂತ ಗೊತ್ತಿಲ್ಲದಿದ್ರೆ ಊರಿನ ಹಿರಿಯರಿಗೆ ಒಂದು ಫೋನ್ ಮಾಡಿ, ಅರ್ಧ ಗಂಟೆ ಮಾತಿಗೆ ಅದೊಂದು ನೆಪವೂ ಆಗುತ್ತೆ. ಹಾವಿನ ಕಾರ್ಡಿಗೆ ಕೂಗೋ ನಿಯಮ ಬಿಡಬೇಡಿ. ಬಾಲ ಬರೆಯುವಾಗ ಮರ್ರೆಯವರ ಮಾತು ನೆನಪಿರಲಿ. ಆಮೇಲೆ, ಸಾಧ್ಯವಾದ್ರೆ, ಬಣ್ಣ ನೋಡಿ ಗೆಲ್ಲೋಕಾಗದ ಒಂದು ಸುತ್ತನ್ನೂ ಸೇರಿಸಿ. ಕುರಿ ಇಲ್ಲದಿದ್ರೆ ಬೀದಿನಾಯಿ-ಮರಿ ಆದೀತು, ಬೆಕ್ಕು-ಮರಿ ಆದೀತು. ನಾಲ್ಕು ಸಂಜೆ ಕೂತು ನೋಡೋ ಪುರುಸೊತ್ತು ಒಂದು ಬೇಕು.